ನಮ್ಮ ಮನೆಗೆ ಚಹಾಕ್ಕೆ ಯಾರನ್ನು ಕರೆಯಲಿ?

ಡಿಸೆಂಬರ್ ರಜೆಗೆ ಮೊಮ್ಮಗಳು ಧಾರವಾಡಕ್ಕೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಹೋಮ್‌ವರ್ಕೇ ಹೆಚ್ಚಿತ್ತು. ಗಣಿತ, ವಿಜ್ಞಾನ ಎರಡೇ ದಿನದಲ್ಲಿ ಮುಗಿದವು. ಉಳಿದದ್ದು ಒಂದು ಪ್ರಬಂಧ. ಅವಳು ಓದುವುದು ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ. ಕ್ರಿಸ್‌ಮಸ್ ನಿಮಿತ್ತ ಏಳನೆಯ ತರಗತಿಯವರಿಗೆಲ್ಲ ಒಂದು ವಿಷಯ ಕೊಟ್ಟಿದ್ದರು. ಇತಿಹಾಸದಲ್ಲಿ ಆಗಿಹೋದ ಕ್ರೈಸ್ತರಲ್ಲಿ ಒಬ್ಬರನ್ನು ನಿಮ್ಮ ಮನೆಗೆ ಕರೆಯಬಹುದಾದರೆ ಯಾರನ್ನು ಕರೆಯುತ್ತೀರಿ, ಏನು ಕೇಳುತ್ತೀರಿ? ಯೇಸುವನ್ನು ಕರೆಯುವಂತಿಲ್ಲ ಎಂದು ಕೆಳಗೆ ಸೂಚನೆ ಬೇರೆ. ಇಲ್ಲದಿದ್ದರೆ ಇಡೀ ತರಗತಿ ಅವನನ್ನೇ ಕರೆದು, ಪರೀಕ್ಷೆಯಲ್ಲಿ ಪಾಸು ಮಾಡಿಸೆಂದು ಕೇಳುತ್ತಿತ್ತೇನೋ.

“ಅಜ್ಜಾ, ನೀ ಯಾರ್ನ ಕರಿತಿ?” ಎಂದಳು.

ನಾನು ಕ್ರೈಸ್ತನಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಬಿ.ಕಾಂ. ಇತಿಹಾಸವೆಂದರೆ ನನಗೆ ಪರೀಕ್ಷೆಯ ಮುನ್ನಾದಿನ ಕಂಠಪಾಠ ಮಾಡಿದ ಇಸವಿಗಳಷ್ಟೇ. ಆದರೂ ಅವಳು ಕೇಳಿದ ಕೂಡಲೇ ಒಂದು ಹೆಸರು ಬಾಯಿಗೆ ಬಂತು.

“ಲೂಕಾ ಪಚೋಲಿ.”

“ಯಾರವ? ಫುಟ್‌ಬಾಲ್ ಆಡ್ತಾನೇನು?”

ಅವಳ ತಪ್ಪಿಲ್ಲ. ಬಿ.ಕಾಂ. ಪಠ್ಯಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಬಂದು ಹೋಗುವ ಹೆಸರು ಅದು. ನನಗೂ ನಿವೃತ್ತಿಯಾಗುವವರೆಗೆ ಆ ಒಂದು ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ.

ಪಚೋಲಿ ಇಟಲಿಯವನು. ಸುಮಾರು 1447ರಲ್ಲಿ ಸಾನ್‌ಸೆಪೋಲ್ಕ್ರೊ ಎಂಬ ಊರಿನಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ವೆನಿಸ್ ನಗರದ ಒಬ್ಬ ವ್ಯಾಪಾರಿಯ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ. ಮುಂದೆ ಫ್ರಾನ್ಸಿಸ್ಕನ್ ಸನ್ಯಾಸಿಯಾದ. ಬಡತನದ ವ್ರತ ತೊಟ್ಟವನು, ಸ್ವಂತದ್ದೆಂದು ಹಣ ಇಟ್ಟುಕೊಳ್ಳಬಾರದವನು. ಅಂಥವನು 1494ರಲ್ಲಿ ವೆನಿಸ್‌ನಲ್ಲಿ ಗಣಿತದ ಒಂದು ದೊಡ್ಡ ಪುಸ್ತಕ ಅಚ್ಚುಮಾಡಿಸಿದ. ಅದರೊಳಗೊಂದು ಭಾಗ ವ್ಯಾಪಾರಿಗಳು ಲೆಕ್ಕ ಬರೆಯುವ ರೀತಿಯನ್ನು ಕುರಿತದ್ದು. ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್, ಎರಡೂ ಸರಿಹೋಗಬೇಕು. ಇವತ್ತು ಜಗತ್ತಿನ ಬ್ಯಾಂಕುಗಳೆಲ್ಲ, ನಮ್ಮ ಓಣಿಯ ಸೊಸೈಟಿಯೂ ಸೇರಿ, ನಡೆಯುವುದು ಇದೇ ಪದ್ಧತಿಯ ಮೇಲೆ. ಇದನ್ನು ಕಂಡುಹಿಡಿದವನು ಅವನಲ್ಲ. ವೆನಿಸ್‌ನ ವ್ಯಾಪಾರಿಗಳು ಆಗಲೇ ಹಾಗೆ ಬರೆಯುತ್ತಿದ್ದರು, ಅವನೂ ಅದನ್ನು ಮುಚ್ಚಿಡಲಿಲ್ಲ. ಇದು ವೆನಿಸ್‌ನ ಪದ್ಧತಿ ಎಂದೇ ಬರೆದ. ಪಂಡಿತರ ಲ್ಯಾಟಿನ್ ಬಿಟ್ಟು ಅಂಗಡಿಕಾರರಿಗೂ ತಿಳಿಯುವ ಆಡುಭಾಷೆಯಲ್ಲಿ ಬರೆದ ಎಂಬುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ವ್ಯಾಪಾರಿ ಮೂರು ಪುಸ್ತಕ ಇಡಬೇಕೆಂದು ಅವನು ಹೇಳುತ್ತಾನೆ. ನಡೆದದ್ದನ್ನು ನಡೆದ ಹಾಗೆ ಗೀಚಿಡುವ ಒಂದು, ದಿನದ ಪ್ರಕಾರ ಬರೆಯುವ ಎರಡನೆಯದು, ಒಬ್ಬೊಬ್ಬರ ಹೆಸರಿಗೆ ಬೇರೆ ಬೇರೆ ಪುಟವಿರುವ ಮೂರನೆಯದು. ನಮ್ಮ ಹಳೆಯ ಅಂಗಡಿಗಳಲ್ಲಿ ಕಿರ್ದಿ, ಖಾತೆ ಎನ್ನುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ. ಹಣ ಎಷ್ಟು ವರ್ಷದಲ್ಲಿ ಎರಡು ಪಟ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿ ನೋಡುವ ಉಪಾಯವೂ ಆ ಪುಸ್ತಕದಲ್ಲಿದೆ. ಶೇಕಡಾ 8ರ ಬಡ್ಡಿಯಾದರೆ 9 ವರ್ಷ. ಕೌಂಟರಿನ ಮುಂದೆ ನಿಂತ ಎಷ್ಟೋ ಹಿರಿಯರಿಗೆ ಈ ಲೆಕ್ಕ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಐನೂರು ವರ್ಷ ಹಿಂದಿನ ಸನ್ಯಾಸಿಯ ಪುಸ್ತಕದಲ್ಲಿದ್ದ ಮಾತು ಅದು ಎಂದು ಆಗ ಯಾರಿಗೆ ಗೊತ್ತಿತ್ತು?

ಮೊಮ್ಮಗಳ ಕಣ್ಣರಳಿದ್ದು ಮಾತ್ರ ಬೇರೆ ವಿಷಯಕ್ಕೆ. ಮೋನಾಲಿಸಾ ಚಿತ್ರ ಬರೆದ ಲಿಯೊನಾರ್ಡೊ ಡ ವಿಂಚಿ ಈ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡಿದ್ದ. ಮುಂದೆ ಇಬ್ಬರೂ ಮಿಲಾನ್ ನಗರದಲ್ಲಿ ಗೆಳೆಯರಾದರು. ಲಿಯೊನಾರ್ಡೊ ಅವನ ಹತ್ತಿರ ಗಣಿತ ಕಲಿತ, ಅವನ ಇನ್ನೊಂದು ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟ. ಅಂಕಿಗಳ ಆಟ, ಕೈಚಳಕದ ತಮಾಷೆಗಳ ಬಗ್ಗೆಯೂ ಪಚೋಲಿ ಒಂದು ಹೊತ್ತಗೆ ಬರೆದಿಟ್ಟಿದ್ದಾನೆ, ಚದುರಂಗದ ಬಗ್ಗೆ ಮತ್ತೊಂದು.

“ಹಂಗಾದ್ರ ಆತ ಬೋರ್ ಮಾಡೂದಿಲ್ಲ” ಎಂದು ಮೊಮ್ಮಗಳು ಒಪ್ಪಿಗೆ ಕೊಟ್ಟಳು. “ಏನ್ ಕೇಳ್ತಿ?”

ಬಡ್ಡಿಯ ಲೆಕ್ಕ ಕೇಳುತ್ತೇನೆ ಎಂದುಬಿಟ್ಟೆ. ಅದು ನಿಜವಲ್ಲ. ಕೇಳಬೇಕೆಂದಿರುವುದು ಬೇರೆ. ಅದನ್ನು ಹೇಳುವ ಮೊದಲು ಮಕ್ಕಳಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಯಾವುದೇ ಎರಡಂಕಿಯ ಸಂಖ್ಯೆ ತೆಗೆದುಕೊಳ್ಳಿ, 83 ಎನ್ನಿ. ಅಂಕಿಗಳನ್ನು ತಿರುಗಿಸಿ, 38. ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ, 45. ಅದು 9ರಿಂದ ಪೂರ್ತಿ ಭಾಗವಾಗುತ್ತದೆ. ಎಷ್ಟು ಸಲ ಮಾಡಿದರೂ ಹಾಗೆಯೇ. ಅದಕ್ಕೇ ಲೆಕ್ಕ ತಾಳೆಯಾಗದೆ ಉಳಿದ ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಯಾರೋ ಅಂಕಿ ಹಿಂದುಮುಂದು ಬರೆದಿರಬೇಕು ಎಂದು ಹಳೆಯ ಗುಮಾಸ್ತರು ಊಹಿಸುತ್ತಿದ್ದರು.

ನಾನು ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಡಿಸೆಂಬರ್ ಕ್ಲೋಸಿಂಗ್. ಆಗ ಕಂಪ್ಯೂಟರ್ ಇರಲಿಲ್ಲ. ಉಳಿತಾಯ ಖಾತೆಗಳ ಲೆಡ್ಜರುಗಳ ಒಟ್ಟು ಮೊತ್ತ ಜನರಲ್ ಲೆಡ್ಜರಿನ ಜೊತೆ ತಾಳೆಯಾಗಬೇಕು. ಆ ಸಲ 450 ರೂಪಾಯಿ ಕಡಿಮೆ ಬಂತು. ಬಾಕಿ ತೆಗೆಯುವ ಕೆಲಸ ಹೊಸದಾಗಿ ಸೇರಿದ್ದ ಒಬ್ಬ ಹಳ್ಳಿಯ ಹುಡುಗನದು. ಕೂಡಿಸಲು ಬರುವುದಿಲ್ಲವೆಂದು ಮ್ಯಾನೇಜರರು ಗಿರಾಕಿಗಳ ಎದುರಿಗೇ ಅವನನ್ನು ಬೈದರು. ಮೂರು ದಿನ ಬೈದರು. ಹುಡುಗ ರಾತ್ರಿ ಹತ್ತರವರೆಗೆ ಕೂತು ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸಿದ. ಮೂರನೆಯ ರಾತ್ರಿ ನಾನು 450ನ್ನು 9ರಿಂದ ಭಾಗಿಸಿ ನೋಡಿದೆ. 50 ಬಂತು. ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ಅದಲುಬದಲಾಗಿವೆ, ಅವುಗಳ ನಡುವಿನ ಅಂತರ 5. ವೋಚರುಗಳ ಕಟ್ಟು ಬಿಚ್ಚಿ ಒಂದೊಂದೇ ನೋಡುತ್ತ ಹೋದೆ. ಸಿಕ್ಕಿತು. ಒಬ್ಬ ವಿಧವೆಯ ಖಾತೆಗೆ 610 ರೂಪಾಯಿ ಜಮಾ ಆಗಬೇಕಿತ್ತು, ಲೆಡ್ಜರಿನಲ್ಲಿ 160 ಎಂದಿತ್ತು.

ಅಕ್ಷರ ನನ್ನದು.

ಕೆಂಪು ಶಾಯಿಯಲ್ಲಿ ತಿದ್ದಿದೆ. “ಸಿಕ್ತು ಸರ್” ಎಂದೆ. ಯಾರ ತಪ್ಪು ಎಂದು ಮ್ಯಾನೇಜರರು ಕೇಳಲಿಲ್ಲ. ಹುಡುಕಿದ್ದಕ್ಕೆ ನನ್ನನ್ನು ಹೊಗಳಿದರು. ನಾನೂ ಸುಮ್ಮನಿದ್ದೆ. ಮರುದಿನ ಆ ಹುಡುಗ ತನ್ನ ದುಡ್ಡಿನಲ್ಲಿ ನನಗೆ ಚಹಾ ತರಿಸಿದ. ಕುಡಿದೆ. ಕೆಲ ತಿಂಗಳಿಗೆ ಅವನಿಗೆ ಬೇರೆ ಕಡೆ ವರ್ಗವಾಯಿತು. ಅವನು ತೀರಿಕೊಂಡ ಸುದ್ದಿ ಬಂದದ್ದು ನಾನು ನಿವೃತ್ತನಾದ ಮೇಲೆ. ಹೇಳಬೇಕು ಹೇಳಬೇಕು ಎಂದುಕೊಂಡದ್ದು ಹಾಗೆಯೇ ಉಳಿಯಿತು.

ಪಚೋಲಿ ಗುಮಾಸ್ತರ ಗುರು, ಜೊತೆಗೆ ಸನ್ಯಾಸಿ. ಲೆಕ್ಕ ಸರಿಯಾದ ಮೇಲೂ ತಾಳೆಯಾಗದೆ ಉಳಿಯುವುದನ್ನು ಯಾವ ಪುಸ್ತಕದಲ್ಲಿ, ಯಾವ ಬದಿಗೆ ಬರೆಯಬೇಕೆಂದು ಅಂಥವನ ಮುಂದಲ್ಲದೆ ಇನ್ನಾರ ಮುಂದೆ ಕೇಳಲಿ? ಇದನ್ನು ಮೊಮ್ಮಗಳಿಗೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

“ಎರಡನೆಯವ್ರು ಯಾರು?” ಎಂದಳು. ಪ್ರಬಂಧಕ್ಕೆ ಒಬ್ಬರೇ ಸಾಕಲ್ಲ ಎಂದರೆ, “ಚಾಯ್ಸ್ ಇರ್ಲಿ ಅಜ್ಜಾ” ಎಂದಳು.

ಅವಳ ವಿಜ್ಞಾನದ ಪುಸ್ತಕದಿಂದಲೇ ಒಬ್ಬನನ್ನು ತೆಗೆದೆ. ಗ್ರೆಗರ್ ಮೆಂಡಲ್, ಬಟಾಣಿ ಗಿಡದ ಮೆಂಡಲ್. ಈಗಿನ ಚೆಕ್ ದೇಶದ ಬ್ರನೊ ನಗರದ ಮಠವೊಂದರಲ್ಲಿ ಸನ್ಯಾಸಿಯಾಗಿದ್ದವನು. ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು ಎಂದು ಪಾಠದಲ್ಲಿ ಬರೆದಿರುವುದಿಲ್ಲ, ಆದರೆ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಅದೇ. 1856ರಿಂದ ಎಂಟು ವರ್ಷ ಮಠದ ಹಿತ್ತಲಿನಲ್ಲಿ ಸಾವಿರಾರು ಬಟಾಣಿ ಗಿಡ ಬೆಳೆಸಿ, ಕಾಳು ಬಿಡಿಸಿ ಎಣಿಸಿದ. ಒಂದು ಪ್ರಯೋಗದಲ್ಲಿ ಗುಂಡಗಿನ ಕಾಳು 5,474, ಸುಕ್ಕುಗಟ್ಟಿದ್ದು 1,850. ಹತ್ತಿರ ಹತ್ತಿರ ಒಂದಕ್ಕೆ ಮೂರು. ಐದು ಸಾವಿರ ಚಿಲ್ಲರೆ ಎಂದು ಬರೆದು ಕೈತೊಳೆದುಕೊಳ್ಳದೆ ಕೊನೆಯ ನಾಲ್ಕು ಕಾಳನ್ನೂ ಬಿಡದೆ ಲೆಕ್ಕಕ್ಕೆ ಹಿಡಿದವನ ಮೇಲೆ ನನಗೆ ಗುಮಾಸ್ತನ ಪ್ರೀತಿ. 1866ರಲ್ಲಿ ಅಚ್ಚಾದ ಅವನ ಲೇಖನದ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ. ಅಷ್ಟರಲ್ಲಿ ಅವನು ಸತ್ತು ಹದಿನಾರು ವರ್ಷವಾಗಿತ್ತು. ಮಠಾಧಿಪತಿಯಾದ ಮೇಲೆ ಅವನ ಕೊನೆಯ ವರ್ಷಗಳು ಗಿಡಗಳ ನಡುವೆ ಕಳೆಯಲಿಲ್ಲ, ಮಠದ ಮೇಲೆ ಹೇರಿದ ತೆರಿಗೆಯ ವಿರುದ್ಧ ಸರಕಾರಕ್ಕೆ ಪತ್ರ ಬರೆಯುವುದರಲ್ಲಿ ಕಳೆದವು. ಕಚೇರಿಯ ಪತ್ರವ್ಯವಹಾರ ಮನುಷ್ಯನನ್ನು ಹೇಗೆ ತಿನ್ನುತ್ತದೆಂದು ನನಗೆ ಗೊತ್ತು. ಅವನನ್ನು ಚಹಾಕ್ಕೆ ಕರೆದರೆ ಪ್ರಶ್ನೆ ಕೇಳುವುದಿಲ್ಲ. ನಮ್ಮ ಹಿತ್ತಲಿನ ಅವರೆಬಳ್ಳಿ ತೋರಿಸಿ, ಸುಮ್ಮನೆ ಜೊತೆಗೆ ಕೂತಿರುತ್ತೇನೆ.

“ನಮ್ಮೂರವ್ರು ಯಾರೂ ಇಲ್ಲೇನು?”

ಇದ್ದಾನೆ. ಹುಟ್ಟಿದ್ದು ಜರ್ಮನಿಯ ಉತ್ತರದ ತುದಿಯಲ್ಲಾದರೂ ನಾನು ಅವನನ್ನು ನಮ್ಮೂರವನೆಂದೇ ತಿಳಿದಿದ್ದೇನೆ. ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಧರ್ಮಪ್ರಚಾರಕ್ಕೆಂದು ಬಂದ. ಇಪ್ಪತ್ತೊಂದರ ಹುಡುಗ. ಮೊದಲು ಕನ್ನಡ ಕಿವಿಗೆ ಬಿದ್ದದ್ದು ನಮ್ಮ ಧಾರವಾಡದ ಕಡೆ. ಆಮೇಲೆ ಮಂಗಳೂರು, ಮಡಿಕೇರಿ. ಬಂದ ಕೆಲಸದಲ್ಲಿ ಅವನು ಎಷ್ಟು ಗೆದ್ದ, ಮತಾಂತರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ಇದೆ, ಇರಲಿ. ಅವನನ್ನು ಕನ್ನಡ ಹಿಡಿದುಕೊಂಡದ್ದಂತೂ ನಿಜ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ತಿದ್ದಿ ಅಚ್ಚು ಹಾಕಿಸಿದ. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಹಾಡಿದ. ಕೊನೆಗೆ 1894ರಲ್ಲಿ, ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಸುಮ್ಮನಿರುವುದಿಲ್ಲ. ದಿನಕ್ಕೆ ಹತ್ತು ಶಬ್ದ ಎಂದು ಹಿಡಿಯಿರಿ, ಭಾನುವಾರವೂ ರಜೆಯಿಲ್ಲದೆ. 7,000 ದಿನ. ಹತ್ತೊಂಬತ್ತು ವರ್ಷ ದಾಟುತ್ತದೆ. ಶಬ್ದ ಬರೆದು ಅರ್ಥ ಬರೆದರೆ ಅವನಿಗೆ ಮುಗಿಯುತ್ತಿರಲಿಲ್ಲ. ಆ ಶಬ್ದ ಯಾವ ಕಾವ್ಯದಲ್ಲಿ ಬಂದಿದೆ, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ದಾಯಾದಿಗಳು ಯಾರು, ಮೈಸೂರು ಸೀಮೆಯದೋ ಧಾರವಾಡ ಸೀಮೆಯದೋ, ಎಲ್ಲದಕ್ಕೂ ಗುರುತು. ಗಾದೆಯಿದ್ದರೆ ಗಾದೆ. ಕಾವ್ಯ ಅವನಿಗೆ ಪಂಡಿತರಿಂದ, ಓಲೆಗರಿಯಿಂದ ಸಿಕ್ಕಿತು. ಗಾದೆ ಎಲ್ಲಿಂದ ಸಿಗಬೇಕು? ಬಾವಿಕಟ್ಟೆ, ಸಂತೆ, ಕಣದಿಂದಲೇ ತಾನೆ?

ಈ ಪುಸ್ತಕದಿಂದ ನನಗೊಮ್ಮೆ ನೇರ ಉಪಕಾರವಾಗಿದೆ. ಗದಗ ಕಡೆಯ ಒಂದು ಶಾಖೆಯಲ್ಲಿದ್ದಾಗ ರೈತನೊಬ್ಬ ಕೂರಿಗೆ ಮಾಡಿಸಲು ಸಾಲ ಕೇಳಿ ಅರ್ಜಿ ಕೊಟ್ಟ. ಆಗತಾನೆ ದೊಡ್ಡ ಪೇಟೆಯಿಂದ ವರ್ಗವಾಗಿ ಬಂದಿದ್ದ ಅಧಿಕಾರಿಗೆ ಕೂರಿಗೆ ಎಂದರೇನೆಂದು ಗೊತ್ತಿಲ್ಲ. ಅಂಥ ಉಪಕರಣ ಪಟ್ಟಿಯಲ್ಲಿಲ್ಲ ಎಂದು ಅರ್ಜಿಯ ಮೇಲೆ ಗೀಟು ಎಳೆದರು. ಬಿತ್ತುವ ಸಾಧನ ಸರ್ ಎಂದು ನಾನು ಹೇಳಿದ್ದು ಅವರಿಗೆ ಸಾಲಲಿಲ್ಲ, ಗುಮಾಸ್ತನ ಮಾತು. ರವಿವಾರ ಊರಿಗೆ ಬಂದವನು ಲೈಬ್ರರಿಯಲ್ಲಿ ಕಿಟೆಲ್ ತೆಗೆದು, ಕೂರಿಗೆಯ ಅರ್ಥವನ್ನು ಇಂಗ್ಲಿಷಿನಲ್ಲೇ ಕಾಗದಕ್ಕೆ ಇಳಿಸಿಕೊಂಡು ಸೋಮವಾರ ಅವರ ಮೇಜಿನ ಮೇಲೆ ಇಟ್ಟೆ. ಜರ್ಮನಿಯ ಪಾದ್ರಿಯ ಸಾಕ್ಷಿ ನಡೆಯಿತು. ಗೀಟು ಎಳೆದ ಅರ್ಜಿ ಪಾಸಾಯಿತು. ಆ ರೈತ ಸುಗ್ಗಿಯಲ್ಲಿ ಒಂದು ಚೀಲ ಹಸಿಕಡಲೆ ತಂದು ಕಿಟೆಲ್ ಸಾಹೇಬರಿಗೂ ಕೊಡ್ರಿ ಎಂದ. ಅವರು ತೀರಿಕೊಂಡು ಎಪ್ಪತ್ತು ವರ್ಷದ ಮೇಲಾಯಿತೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಕಿಟೆಲ್‌ನ ಬದುಕು ಸುಖದ್ದೇನಲ್ಲ. 1860ರಲ್ಲಿ ಮದುವೆಯಾದ ಹೆಂಡತಿ ಪೌಲೀನೆ ನಾಲ್ಕೇ ವರ್ಷದಲ್ಲಿ ತೀರಿಕೊಂಡಳು. ಮುಂದೆ ಅವಳ ಸೋದರಿ ಜೂಲಿಯನ್ನು ಮದುವೆಯಾದ. ಒಮ್ಮೆ ತನ್ನ ದೇಶಕ್ಕೆ ಮರಳಿದವನು ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಬಂದ, ಐವತ್ತು ದಾಟಿದ ಮೇಲೆ. ನಾನು ಐವತ್ತು ದಾಟಿದ ಮೇಲೆ ಹುಬ್ಬಳ್ಳಿಗೆ ವರ್ಗ ಮಾಡಿದರೆಂದು ಗೊಣಗಿದವನು. ಸಾಯುವ ವರ್ಷ, 1903ರಲ್ಲೂ ಅವನು ಸುಮ್ಮನೆ ಕೂತಿರಲಿಲ್ಲ, ಕನ್ನಡ ವ್ಯಾಕರಣದ ಪುಸ್ತಕ ಅಚ್ಚಿನಿಂದ ಬಂದದ್ದು ಆಗಲೇ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಅವನ ಪ್ರತಿಮೆಯಿದೆ. ಮೆಟ್ರೊ ಇಳಿದು ಓಡುವ ಜನ ತಲೆಯೆತ್ತಿ ನೋಡುವುದಿಲ್ಲ. ನಾನು ಹೋದಾಗ ಒಂದು ನಮಸ್ಕಾರ ಹಾಕಿ ಬರುತ್ತೇನೆ.

ಅವನು ಬಂದರೆ ಮೊದಲು ನನ್ನ ಬಾಯಿಂದ ಬರುವುದು ಪ್ರಶ್ನೆಯಲ್ಲ, ಹಸಿಕಡಲೆಯ ಸುದ್ದಿ. ಆಮೇಲೆ ಕೇಳುತ್ತೇನೆ: ‘ಅ’ದಲ್ಲಿ ಶುರುಮಾಡಿದಾಗ ‘ಳ’ ಮುಟ್ಟುತ್ತೇನೆಂದು ನಿಮಗೆ ನಂಬಿಕೆಯಿತ್ತೇ? ಮೊಮ್ಮಗಳ ಪ್ರಶ್ನೆ ಬೇರೆ. ಈಗಿನ ಹುಡುಗರ ಶಬ್ದಗಳನ್ನೆಲ್ಲ ಸೇರಿಸಲು ಅವನು ಒಪ್ಪುತ್ತಾನೋ ಇಲ್ಲವೋ? ಒಪ್ಪುತ್ತಾನೆ ಎಂದೇ ನನ್ನ ಅಂದಾಜು. ಸಂತೆಯ ಮಾತನ್ನು ಕೀಳೆಂದು ಬಿಟ್ಟವನಲ್ಲ ಅವನು.

ಕಿಟೆಲ್ ಬಂದರೆ ಅವನ ಹಿಂದೆಯೇ ಹರ್ಮನ್ ಮೊಗ್ಲಿಂಗನೂ ಬಾಗಿಲಲ್ಲಿ ನಿಲ್ಲುತ್ತಾನೆ. ಅವನನ್ನು ಹೊರಗೆ ನಿಲ್ಲಿಸುವಂತಿಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದವನು ಅವನು. ಜುಲೈ 1 ನಮಗೆ ಪತ್ರಿಕಾ ದಿನವಾದದ್ದು ಅದರಿಂದ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಹುಡುಕಿ ಅಚ್ಚುಹಾಕಿಸಿದವನೂ ಅವನೇ. ಹರಿದಾಸರ ಪದ ಪಾದ್ರಿಯ ಕೈಯಿಂದ ಅಚ್ಚಾಯಿತು ನೋಡಿ. ಅದಕ್ಕೆ ಹಣ ಎಲ್ಲಿಂದ ಬಂತು ಎಂಬ ಬ್ಯಾಂಕಿನವರ ಪ್ರಶ್ನೆಗೂ ಉತ್ತರವಿದೆ: ನೀಲಗಿರಿಯಲ್ಲಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ ಕೊಟ್ಟ.

ಇಷ್ಟಾದ ಮೇಲೆ ಮೊಮ್ಮಗಳು ಬೆರಳು ಮಡಚಿ ಎಣಿಸಿದಳು. “ಎಲ್ಲಾರೂ ಗಂಡಸ್ರು. ನಿಂಗ ಹೆಣ್ಮಕ್ಕಳು ಯಾರೂ ನೆನಪಾಗ್ಲಿಲ್ಲೇನು?”

ನೆನಪಾಗಿದ್ದರು. ಹೇಳಲು ಹಿಂದೇಟು ಹಾಕಿದ್ದೆ, ಅಷ್ಟೆ.

ಪಂಡಿತಾ ರಮಾಬಾಯಿ ಎಂಬ ಹೆಸರು ಮಹಾರಾಷ್ಟ್ರದ್ದು ಎಂದು ನಾವು ತಿಳಿದಿರುತ್ತೇವೆ. ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಪೇಶ್ವೆಯ ಮನೆಯ ಹೆಣ್ಣುಮಗಳೊಬ್ಬಳು ಸಂಸ್ಕೃತ ಕಲಿಯುವುದನ್ನು ಕಂಡಿದ್ದ ಅವರು ತಮ್ಮ ಹೆಂಡತಿಗೂ ಕಲಿಸಹೊರಟರು. ಹೆಂಗಸಿಗೆ ಶಾಸ್ತ್ರ ಕಲಿಸಬಾರದೆಂದು ನೆಂಟರಿಷ್ಟರು ತಿರುಗಿಬಿದ್ದರು. ನಿಮ್ಮ ಗೊಡವೆಯೇ ಬೇಡವೆಂದು ಶಾಸ್ತ್ರಿಗಳು ಕಾಡಿಗೆ ಹೋಗಿ ಮನೆ ಕಟ್ಟಿದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಆ ಮನೆಯನ್ನೂ ಬಿಟ್ಟು ಯಾತ್ರೆ ಹೊರಟಿತು. ಕೂಸನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಘಟ್ಟ ಇಳಿಸಿದರು. ಅಲ್ಲಿಂದ ಊರೂರು ಅಲೆದಾಟ, ಪುರಾಣ ಹೇಳಿ ಬಂದದ್ದರಲ್ಲಿ ಊಟ. ತಾಯಿಯೇ ಮಗಳಿಗೆ ಪಾಠ ಹೇಳಿದಳು. ಭಾಗವತದ ಹದಿನೆಂಟು ಸಾವಿರ ಶ್ಲೋಕ ರಮಾಗೆ ಬಾಯಿಪಾಠ.

1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹಸಿವೆಯಿಂದ ಹೋದರು. ತಾಯಿಯ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಒಂದು ಹೆಗಲನ್ನು ಮಗಳೇ ಕೊಡಬೇಕಾಯಿತು, ಎತ್ತರ ಸಾಲದ್ದಕ್ಕೆ ತಲೆಯ ಮೇಲೆ ಹೊತ್ತಳು. ಆಮೇಲೆ ಅಣ್ಣನೊಂದಿಗೆ ನಡೆದೇ ದೇಶ ಸುತ್ತಿ 1878ರಲ್ಲಿ ಕಲಕತ್ತೆ ಮುಟ್ಟಿದಳು. ಅಲ್ಲಿನ ಪಂಡಿತರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಂಗಾಳದ ವಕೀಲರೊಬ್ಬರನ್ನು ಮದುವೆಯಾಗಿ ಎರಡು ವರ್ಷವೂ ತುಂಬದೆ ವಿಧವೆಯಾದಳು, ಕಂಕುಳಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋದಳು, ಅಲ್ಲಿ ಕ್ರೈಸ್ತಳಾದಳು. ಇಲ್ಲಿ ಗದ್ದಲವೆದ್ದಿತು. ಅಲ್ಲೂ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವಳಲ್ಲ. ತನ್ನನ್ನು ನೋಡಿಕೊಂಡ ಸನ್ಯಾಸಿನಿಯರೊಂದಿಗೇ ಪತ್ರಗಳಲ್ಲಿ ವಾದಕ್ಕೆ ನಿಂತಳು. ಎರಡೂ ಕಡೆಯವರಿಂದ ಬೈಸಿಕೊಂಡ ಮನುಷ್ಯರ ಮೇಲೆ ನನಗೆ ಒಂದು ನಂಬಿಕೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಮುಂದೆ ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಎಂಬ ದೊಡ್ಡ ಆಶ್ರಮ. 1896ರ ಬರ ಬಂದಾಗ ತಾನೇ ಮಧ್ಯಪ್ರಾಂತಕ್ಕೆ ಹೋಗಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದಳು. ಬರದಲ್ಲಿ ತನ್ನವರನ್ನು ಕಳೆದುಕೊಂಡವಳು ಅವಳು. ಅಲ್ಲಿ ಹುಡುಗಿಯರು ಓದಿದರು, ನೇಯ್ದರು, ಹೊಲ ನೋಡಿಕೊಂಡರು, ಅಚ್ಚಿನ ಮೊಳೆ ಜೋಡಿಸಲು ಕಲಿತರು. ಹೀಬ್ರೂ, ಗ್ರೀಕ್ ಕಲಿತು ಅವಳು ಮರಾಠಿಗೆ ಅನುವಾದಿಸಿದ ಬೈಬಲ್ಲನ್ನು ಅಚ್ಚು ಮಾಡಿದ್ದು ಆ ಕೈಗಳೇ. 1922ರಲ್ಲಿ ತೀರಿಕೊಂಡಳು, ಮಗಳು ಹೋದ ಮರುವರ್ಷ.

ನಾನು ಹಿಂದೇಟು ಹಾಕಿದ್ದು ಏಕೆಂದರೆ, ರಮಾಬಾಯಿಯನ್ನು ಕರೆದರೆ ಮಾತಾಡಬೇಕಾದವನು ನಾನಲ್ಲ.

ನನಗೊಬ್ಬ ಅಕ್ಕ. ಈಗ ಎಂಬತ್ತೊಂದು, ಹಾವೇರಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ನನಗೆ ಲೆಕ್ಕ ಕಲಿಸಿದವಳು ಅವಳು. ಪಾವಕಿ, ಸವಾಯಕಿ, ದೀಡಕಿ ಮಗ್ಗಿಗಳನ್ನು ರೊಟ್ಟಿ ಬಡಿಯುತ್ತ ಹೇಳಿಕೊಡುತ್ತಿದ್ದಳು. ಬಡಿತ ತಪ್ಪುತ್ತಿರಲಿಲ್ಲ, ಮಗ್ಗಿಯೂ ತಪ್ಪುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಇಡೀ ಶಾಲೆಗೆ ಮೊದಲು ಬಂದಳು. ಮಾಸ್ತರು ಮನೆಗೇ ಬಂದು, ಹುಡುಗಿಯನ್ನು ಮುಂದೆ ಓದಿಸಿರೆಂದು ಅಪ್ಪನಿಗೆ ಹೇಳಿದರು. ಅಪ್ಪ ಕೆಟ್ಟವರಲ್ಲ. ಎರಡು ಮಕ್ಕಳ ಫೀ ಕಟ್ಟುವ ಶಕ್ತಿಯಿರಲಿಲ್ಲ, ಮನೆಯಲ್ಲಿ ತೊಟ್ಟಿಲು ತೂಗಲು ಕೈ ಬೇಕಿತ್ತು. ಅಕ್ಕ ಮನೆಯಲ್ಲುಳಿದಳು. ಮುಂದೆ ಆ ಫೀ ನನಗೆ ಬಂತು. ನನ್ನ ಮೊದಲ ಸಂಬಳದಲ್ಲಿ ಅವಳಿಗೊಂದು ಇಲಕಲ್ ಸೀರೆ ಒಯ್ದುಕೊಟ್ಟೆ. ಉಟ್ಟು ನೋಡಿ, “ಛಲೋ ಐತಿ. ತಮ್ಮಾ, ದಿನಾ ಎಷ್ಟು ರೊಕ್ಕ ಎಣಸ್ತಿ?” ಎಂದು ಕೇಳಿದಳು. ಹೇಳಿದೆ. ಆ ಮೊತ್ತವನ್ನು ಬಾಯಲ್ಲೇ ಇಪ್ಪತ್ತೈದರಿಂದ ಗುಣಿಸಿ ತಿಂಗಳಿಗೆ ಎಷ್ಟಾಯಿತೆಂದು ಹೇಳಿ ಒಳಗೆ ಹೋದಳು. ನಾನು ಕಾಗದದ ಮೇಲೆ ಮಾಡಿ ನೋಡಿದೆ. ಸರಿಯಿತ್ತು.

ಇದನ್ನೆಲ್ಲ ಕೇಳಿ ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಮೊಬೈಲ್ ತೆಗೆದುಕೊಂಡು ಹಾವೇರಿಗೆ ಹಚ್ಚಿದಳು. ಸ್ಪೀಕರ್ ಹಾಕಿ ದೊಡ್ಡಜ್ಜಿಗೆ ಎಲ್ಲವನ್ನೂ ತನ್ನ ರೀತಿಯಲ್ಲಿ ವಿವರಿಸಿದಳು. ಕಾಡು, ಬೆತ್ತದ ಪೆಟ್ಟಿಗೆ, ಹದಿನೆಂಟು ಸಾವಿರ ಶ್ಲೋಕ, ಕಲಕತ್ತೆಯ ಪಂಡಿತರು. ಆ ಕಡೆಯಿಂದ ಹ್ಞೂಂ ಎಂಬ ದನಿ ಬಿಟ್ಟರೆ ಬೇರೇನೂ ಇಲ್ಲ.

“ಆಕಿ ನಮ್ಮ ಮನಿಗೆ ಬಂದ್ರ ನೀ ಏನ್ ಕೇಳ್ತಿ ಅಜ್ಜೀ?”

ಅಕ್ಕ ತಡಮಾಡಿದಳು. ಕುಕ್ಕರಿನ ಸೀಟಿ ಕೇಳಿಸಿತು.

“ಆಕಿಗೆ ಕನ್ನಡ ಬರ್ತಿತ್ತೇನು?”

ಮೊಮ್ಮಗಳು ನನ್ನ ಮುಖ ನೋಡಿದಳು. ಬರುತ್ತಿತ್ತು ಎಂದೆ. ಊರೂರು ತಿರುಗುವಾಗ ಕನ್ನಡ, ಹಿಂದೂಸ್ಥಾನಿ, ಬಂಗಾಳಿ ಕಲಿತೆನೆಂದು ಅವಳೇ ಬರೆದುಕೊಂಡಿದ್ದಾಳೆ.

“ಹಂಗಾದ್ರ ಬರ್ಲಿ” ಎಂದಳು ಅಕ್ಕ. “ನಾ ಮಾತಾಡ್ತೇನಿ. ನಿಮ್ಮಜ್ಜಗ ಹೇಳು, ಚಾ ಅವ ಮಾಡ್ಲಿ.”